ಪರೀಕ್ಷಾರ್ಥಿ ಕೂಗಿದ ಬೆಲೆ

ಬಿರುಕಮ್ಮ ಎಂಬ ಹೆಸರನ್ನು ಅವಳಿಗೆ ಇಟ್ಟವರು ಹರಾಜು ಮನೆಯ ಹಮಾಲರು. ಇಪ್ಪತ್ತಾರು ವರ್ಷ ಅಲ್ಲಿ ಅವಳು ಮಾಡಿದ್ದು ಒಂದೇ ಕೆಲಸ. ಮಾರಾಟಕ್ಕೆ ಬಂದ ಸಾಮಾನನ್ನು ಮಗುಚಿ ಹಾಕಿ, ಬೆರಳಲ್ಲಿ ತಟ್ಟಿ, ಮೂಸಿ, ಖಾನೆಗಳೊಳಗೆ ಟಾರ್ಚು ಬಿಟ್ಟು ನೋಡಿ ಅದರ ಐಬನ್ನೆಲ್ಲ ಪಟ್ಟಿಯಲ್ಲಿ ಬರೆಯುವುದು. ‘ಊಟದ ಮೇಜು, ತೇಗ. ಹಿಂದಿನ ಎಡಗಾಲಿಗೆ ಹುಳು. ಒಂದು ಖಾನೆ ತೆರೆಯುವುದಿಲ್ಲ.’ ಲಾರಿಯಿಂದ ಬೀರು ಇಳಿಸುವಾಗಲೇ ಹಮಾಲರು “ಇದಕ್ಕೆ ಬಿರುಕಿಲ್ಲ ಬಿಡಿ, ಬೇಕಾದ್ರೆ ಒಂದು ಕಾಫಿ ಪಂದ್ಯ” ಎನ್ನುತ್ತಿದ್ದರು. ಅವಳು ಸುತ್ತ ಒಂದು ಸುತ್ತು ಹಾಕಿ, ಮೊಣಕಾಲೂರಿ ಬಗ್ಗಿ, ಕೂದಲೆಳೆಯಷ್ಟು ಸಣ್ಣ ಬಿರುಕಿನ ಮೇಲೆ ಬೆರಳಿಟ್ಟು ಕಾಫಿ ಗೆಲ್ಲುತ್ತಿದ್ದಳು. ಮದುವೆಯಾಗ್ತೀನಿ ಅಂತ ಕೇಳಿದವರನ್ನೂ ಹೀಗೇ ತಟ್ಟಿ ನೋಡಿ ವಾಪಸ್ ಕಳಿಸಿದಳು, ಅದಕ್ಕೇ ಒಂಟಿಯಾಗಿ ಉಳಿದಳು ಎಂದು ಬೆನ್ನ ಹಿಂದೆ ನಗುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಪೂರ್ತಿ ಸುಳ್ಳು ಎನ್ನುವ ಹಾಗೂ ಇರಲಿಲ್ಲವಾದ್ದರಿಂದ ಅವಳು ಜಗಳಕ್ಕೆ ಹೋಗಲಿಲ್ಲ.

ಹರಾಜು ಮನೆಯ ಯಜಮಾನರು ತೀರಿಕೊಂಡ ಮೇಲೆ ಅವರ ಮಕ್ಕಳು ಕಟ್ಟಡವನ್ನು ಜಿಮ್ ನಡೆಸುವವರಿಗೆ ಬಾಡಿಗೆಗೆ ಕೊಟ್ಟರು. ಹಮಾಲರು ಬೇರೆ ಗೋದಾಮುಗಳಿಗೆ ಹಂಚಿಹೋದರು. ಬೆಲೆ ಕೂಗುತ್ತಿದ್ದ ದಪ್ಪ ಗಂಟಲಿನವರು ಮಗಳ ಮನೆಗೆ ಹೋದರು. ಐವತ್ತೆರಡು ವರ್ಷದ ಬಿರುಕಮ್ಮ ತನ್ನ ಎರಡು ಕೋಣೆಯ ಬಾಡಿಗೆ ಮನೆಗೆ ಬಂದು ಕೂತಳು.

ಕೂತ ಮೇಲೆ ಗೊತ್ತಾಯಿತು, ಆ ಮನೆಯಲ್ಲಿ ಎಷ್ಟು ಸದ್ದಿಲ್ಲ ಎಂದು. ಹರಾಜು ಶುರುವಾಗುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ. ಈಗಲೂ ಮೂರು ಗಂಟೆಯಾಯಿತೆಂದರೆ ಅವಳ ಕಿವಿ ನೆಟ್ಟಗಾಗುತ್ತಿತ್ತು. ಕುರ್ಚಿ ಎಳೆಯುವ ಸದ್ದು, ಕೆಮ್ಮು, ಯಾರೋ ಯಾರನ್ನೋ ಗದರಿಸುವುದು, ಆಮೇಲೆ ಬೆಲೆಯ ಮೇಲೆ ಬೆಲೆ. ಈಗ ಕೇಳಿಸುತ್ತಿದ್ದದ್ದು ಫ್ರಿಜ್ಜಿನ ಗುಂಯ್ ಎಂಬ ಸದ್ದೊಂದೇ. ಅದೂ ಆಗಾಗ ನಿಂತುಹೋಗುತ್ತಿತ್ತು.

ಪಕ್ಕದ ಬೀದಿಯಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ ಒಬ್ಬರಿದ್ದರು. ಅವರ ಮನೆಯ ಹಳೇ ಸೋಫಾ ಒಳ್ಳೇದೋ ಕೆಟ್ಟದ್ದೋ ನೋಡಿ ಹೇಳಲು ಹೋದಾಗ ಅವರೇ ಮಾತು ತೆಗೆದರು. “ನೀವೇ ಯಾಕೆ ಹರಾಜು ನಡೆಸಬಾರದು? ಕಟ್ಟಡ ಬೇಡ, ಕೂಗೋರು ಬೇಡ. ಎಲ್ಲಾ ಆನ್‌ಲೈನ್. ಸೈಟ್ ನಾನು ಮಾಡಿಕೊಡ್ತೀನಿ.”

ವಾರಕ್ಕೊಮ್ಮೆ ಫೋನ್ ಮಾಡುವ ತಂಗಿ ಮೂಗು ಮುರಿದಳು. “ಅಕ್ಕ, ಈ ವಯಸ್ಸಲ್ಲಿ ಇದೆಲ್ಲ ಯಾಕೆ? ನಾಲ್ಕು ಜನರ ಜೊತೆ ಬೆರೆಯೋ ಕೆಲಸ ನೋಡ್ಕೊ.”

“ನಾಲ್ಕು ಜನ ಏನು, ನಾನೂರು ಜನ ಬರ್ತಾರೆ,” ಎಂದಳು ಬಿರುಕಮ್ಮ.

ಕಂಪ್ಯೂಟರ್ ಮೇಡಂ ಸೈಟು ಕಟ್ಟುವುದಕ್ಕೆ ಮೊದಲು ವಕೀಲರೊಬ್ಬರನ್ನು ನೋಡಿ ಬನ್ನಿ ಎಂದಿದ್ದರು. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬ ಮುದಿ ವಕೀಲರು ಕೂರುತ್ತಿದ್ದರು. ಕೋರ್ಟಿಗೆ ಹೋಗುವುದನ್ನು ಬಿಟ್ಟು ಬರೀ ಕಾಗದ ಪತ್ರದ ಕೆಲಸ ಇಟ್ಟುಕೊಂಡಿದ್ದರು. ಬಿರುಕಮ್ಮ ಕೂತ ತಕ್ಷಣ ಕುರ್ಚಿಯ ಹಿಂಭಾಗ ತಡವಿ, “ಸರ್, ಇದರ ಕೀಲು ಬಿಟ್ಟಿದೆ” ಎಂದಳು.

“ಅದಕ್ಕೇ ಕಕ್ಷಿದಾರರನ್ನ ಕೂರಿಸ್ತೀನಿ, ಬೇಗ ಎದ್ದು ಹೋಗ್ತಾರೆ,” ಎಂದರು ವಕೀಲರು. “ಹೇಳಿ. ಹರಾಜು ಹಾಕ್ತೀರಿ. ಯಾರ ಸಾಮಾನು?”

“ಜನರದ್ದು. ಅವರು ಕೊಡ್ತಾರೆ, ನಾನು ಸೈಟಿಗೆ ಹಾಕ್ತೀನಿ. ಮಾರಿದ ಮೇಲೆ ಅದರಲ್ಲಿ ನನಗೆ ಸ್ವಲ್ಪ ಕಮಿಷನ್.”

“ಅಂದ್ರೆ ಮಾರೋರು ನೀವಲ್ಲ, ಅವರು. ಇದನ್ನ ಮೊದಲು ಬರೀರಿ. ಇಲ್ಲದಿದ್ರೆ ನಾಳೆ ಗಡಿಯಾರ ನಿಂತುಹೋಯ್ತು ಅಂತ ಕೊಂಡವನು ನಿಮ್ಮ ಕತ್ತಿನ ಪಟ್ಟಿ ಹಿಡೀತಾನೆ. ಇನ್ನು, ಅವರು ಕೊಡೋ ಸಾಮಾನು ಅವರದೇ ಅಂತ ಹೇಗೆ ಗೊತ್ತು?”

“ಮುಖ ನೋಡಿದ್ರೆ ಗೊತ್ತಾಗುತ್ತಲ್ಲ ಸರ್.”

“ಕೋರ್ಟು ಮುಖ ನೋಡೋದಿಲ್ಲ ತಾಯಿ, ಸಹಿ ನೋಡುತ್ತೆ. ‘ಇದು ನನ್ನದು, ಇದರ ಮೇಲೆ ಬೇರೆ ಯಾರ ಹಕ್ಕೂ ಇಲ್ಲ’ ಅಂತ ಬರೆಸಿಕೊಳ್ಳಿ. ಗುರುತಿನ ಚೀಟಿಯ ನಕಲು ಇಟ್ಕೊಳ್ಳಿ. ಕದ್ದ ಮಾಲು ನಿಮ್ಮ ಸೈಟಲ್ಲಿ ಸಿಕ್ಕಿದ್ರೆ ಪೊಲೀಸರು ಮೊದಲು ಬರೋದು ನಿಮ್ಮ ಮನೆಗೆ.”

ಹಾಗೆ ಮೂರು ಸಲ ಹೋಗಿ ಬಂದಳು. ಹದಿನೆಂಟು ತುಂಬದವರು ಬೆಲೆ ಕೂಗಿದರೆ ಆ ಮಾರಾಟ ಕಾಯ್ದೆಯ ಮುಂದೆ ಊರ್ಜಿತವಾಗುವುದಿಲ್ಲ ಎಂದು ವಕೀಲರು ಹೇಳಿದರು. ಔಷಧಿ, ಆಯುಧ, ಪ್ರಾಣಿಯ ಚರ್ಮ, ದಂತ, ಇವನ್ನೆಲ್ಲ ಮುಟ್ಟಲೇಬೇಡಿ ಎಂದರು. ಸಮಯ ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋದರೆ ಯಾರ ಗಡಿಯಾರ ಲೆಕ್ಕಕ್ಕೆ ಎಂದು ಕೇಳಿ, ಸೈಟಿನ ಗಡಿಯಾರವೇ ಎಂದು ಬರೆಸಿದರು. ಕೂಗುವವರ ಹೆಸರು, ವಿಳಾಸ ಹೊರಗೆ ಬಿಡುವ ಹಾಗಿಲ್ಲ, ಆದ್ದರಿಂದ ಪ್ರತಿಯೊಬ್ಬರೂ ಒಂದೊಂದು ಅಡ್ಡಹೆಸರು ಇಟ್ಟುಕೊಳ್ಳಲಿ ಎಂದರು. ಗೋಡೆಯಿಲ್ಲದ ಹರಾಜಿಗೂ ಪರವಾನಗಿ ಬೇಕೇ ಬೇಡವೇ ಎಂಬುದು ಅವರಿಗೇ ಸ್ಪಷ್ಟವಿರಲಿಲ್ಲ. ಕಾಯ್ದೆ ಬರೆದವರ ಕಾಲದಲ್ಲಿ ಹರಾಜೆಂದರೆ ಗಂಟಲು ಮತ್ತು ಸುತ್ತಿಗೆ. “ಬೇಡದಿದ್ದರೂ ತಗೊಳ್ಳಿ, ಕಳ್ಕೊಳ್ಳೋದು ಏನೂ ಇಲ್ಲ,” ಎಂದರು. ನಿಯಮಗಳ ಪಟ್ಟಿಯಲ್ಲಿ ಹನ್ನೊಂದನೆಯದನ್ನು ಅವರೇ ನಿಧಾನವಾಗಿ ಹೇಳಿ ಬರೆಸಿದರು. ‘ಹರಾಜು ನಡೆಸುವವರಾಗಲಿ, ಅವರ ಕಡೆಯವರಾಗಲಿ, ತಮ್ಮ ಹೆಸರಿನಲ್ಲಾಗಲಿ ಬೇರೆ ಹೆಸರಿನಲ್ಲಾಗಲಿ ಬೆಲೆ ಕೂಗುವಂತಿಲ್ಲ.’

“ಅದನ್ನ ಬರೀಲೇಬೇಕಾ ಸರ್? ಅಂಥ ಹಲ್ಕಾ ಕೆಲಸ ಯಾರು ಮಾಡ್ತಾರೆ?”

“ಎಲ್ಲರೂ ಮಾಡ್ತಾರೆ. ಬರೀರಿ.”

ಸೈಟು ಶುರುವಾದ ಎರಡನೇ ವಾರದಲ್ಲೇ ವಕೀಲರ ಮಾತು ಕೆಲಸಕ್ಕೆ ಬಂತು. ಒಬ್ಬ ಅಳಿಯ ಮಹಾಶಯ ಹೊಲಿಗೆ ಯಂತ್ರ ತಂದ. ನನ್ನದೇ ಎಂದು ಗಟ್ಟಿಯಾಗಿ ಸಹಿ ಹಾಕಿದ. ಮರುದಿನ ಅವನ ಅತ್ತೆ ಫೋನ್ ಮಾಡಿದರು. “ಏನಮ್ಮ, ನಾನಿನ್ನೂ ಬದುಕಿದೀನಿ, ನನ್ನ ಮಿಷನ್ನು ಹರಾಜಿಗೆ ಹಾಕಿದೀರಂತೆ? ಅದಕ್ಕಿಂತ ಆ ಅಳಿಯನ್ನೇ ಹಾಕಿ, ಆರಂಭದ ಬೆಲೇನೂ ಇಡಬೇಡಿ!” ಬಿರುಕಮ್ಮ ಫೋನಿಟ್ಟು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಇದನ್ನು ಯಾರಿಗಾದರೂ ಹೇಳಬೇಕು ಎಂದು ಸುತ್ತ ನೋಡಿದಳು. ಕೋಣೆಯಲ್ಲಿ ಹೊಲಿಗೆ ಯಂತ್ರ ಇತ್ತು, ಅವಳಿದ್ದಳು.

ನಾನೂರು ಜನ ಬರುತ್ತಾರೆ ಎಂದುಕೊಂಡಿದ್ದು ಸುಳ್ಳಾಯಿತು. ಬಂದು ನೋಡಿ ಹೋಗುವವರೇನೋ ಇದ್ದರು. ಪರದೆಯ ಮೂಲೆಯಲ್ಲಿ ಅವರ ಸಂಖ್ಯೆ ಕಾಣುತ್ತಿತ್ತು. ಹದಿನಾರು, ಇಪ್ಪತ್ತೆರಡು, ಮತ್ತೆ ಒಂಬತ್ತು. ಮುಖವಿಲ್ಲ, ಕೆಮ್ಮಿಲ್ಲ. ಬೆಲೆ ಕೂಗುವವರು ಒಬ್ಬರೋ ಇಬ್ಬರೋ. ಎಷ್ಟೋ ಸಾಮಾನು ಆರಂಭದ ಬೆಲೆಗೇ ಹೋಗುತ್ತಿತ್ತು. ಅವಳ ದಿನ ಎಂದರೆ ಸಾಮಾನಿನ ಫೋಟೋ ತೆಗೆಯುವುದು, ಐಬು ಬರೆಯುವುದು, ಬಟ್ಟೆ ಸುತ್ತಿ ಪೆಟ್ಟಿಗೆ ಕಟ್ಟುವುದು, ಕೊರಿಯರ್‌ನವನ ಹತ್ತಿರ ಎರಡು ಮಾತು. ಅವನಿಗೋ ಸದಾ ಗಡಿಬಿಡಿ. “ಸಹಿ ಮೇಡಂ” ಎನ್ನುವುದೇ ಅವನ ಎರಡು ಮಾತು.

ಆಗ ಸಲೂನಿನ ಕುರ್ಚಿ ಬಂತು.

ಸಲೂನಿನ ಯಜಮಾನರಿಗೆ ಎಪ್ಪತ್ತೈದು ದಾಟಿತ್ತು, ಕೈ ನಡುಗಲು ಶುರುವಾಗಿ ಅಂಗಡಿ ಮುಚ್ಚುತ್ತಿದ್ದರು. ಕುರ್ಚಿ ನೋಡಲು ಬಿರುಕಮ್ಮ ಅಲ್ಲಿಗೇ ಹೋದಳು. ಹಳೇ ಕಾಲದ ಗಟ್ಟಿ ಕುರ್ಚಿ. ಕಬ್ಬಿಣದ ಪಾದ, ತುಕ್ಕು ಹಿಡಿದ ಪೆಡಲು, ಕೆಂಪು ರೆಕ್ಸಿನ್ನು ಎರಡು ಕಡೆ ಹರಿದು ಟೇಪು ಹಚ್ಚಿದ್ದು. ಅವಳು ಟಾರ್ಚು ಹಿಡಿದು ಅದರ ಕೆಳಗೆ ತೂರಿದಾಗ ಮುದುಕರು ಕನ್ನಡಿಯ ಮುಂದೆ ಬಾಚಣಿಗೆಗಳನ್ನು ಒಂದೊಂದಾಗಿ ಒರೆಸುತ್ತ ಹೇಳಿದರು, “ಇದರಲ್ಲಿ ಕೂತವರೆಲ್ಲ ಕಣ್ಣು ಮುಚ್ಚಿ ಮನಸಲ್ಲಿದ್ದದ್ದು ಹೇಳೋರಮ್ಮ. ಅವರ ಮುಖ ಹಿಡ್ಕೊಂಡಿರ್ತಿದ್ದೆನಲ್ಲ, ಅದಕ್ಕೆ. ಒಂದು ನಾಲ್ಕೈದು ಜನ ಆದ್ರೂ ಕೇಳ್ತಾರೆ ಅಲ್ವಾ?”

“ಕೇಳ್ತಾರೆ,” ಎಂದಳು.

ಕೇಳಿದ್ದು ಒಬ್ಬರೇ. ಅಡ್ಡಹೆಸರು ‘ಎರಡನೇ ಮಹಡಿ’. ಅದೂ ಆರಂಭದ ಬೆಲೆಗೆ. ನಾಲ್ಕು ಗಂಟೆಗೆ ಮಾರಾಟ ಮುಗಿಯುವುದಿತ್ತು. ಎರಡೂವರೆಗೆ ಒಂದೇ ಕೂಗು, ಮೂರಕ್ಕೂ ಅದೇ ಒಂದು. ಆ ಮುದುಕರಿಗೆ ಹೋಗಿ ಒಬ್ಬರೇ ಕೇಳಿದರು ಎಂದು ಹೇಗೆ ಹೇಳುವುದು ಎಂದುಕೊಂಡಳು. ಸೈಟು ಸರಿಯಾಗಿ ಓಡುತ್ತದೆಯೋ ಇಲ್ಲವೋ ನೋಡಲು ಕಂಪ್ಯೂಟರ್ ಮೇಡಂ ಒಂದು ಖಾತೆ ಮಾಡಿಟ್ಟಿದ್ದರು. ಪರೀಕ್ಷೆಗಾಗಿ ಮಾಡಿದ್ದೆಂದು ಅದಕ್ಕೆ ‘ಪರೀಕ್ಷಾರ್ಥಿ’ ಎಂದು ಹೆಸರಿಟ್ಟಿದ್ದರು, ತಮಾಷೆಗೆ. ಬಿರುಕಮ್ಮ ಆ ಹೆಸರಲ್ಲಿ ಒಳಗೆ ಹೋದಳು. ಒಂದು ಮೆಟ್ಟಿಲು ಏರಿಸಿ ಬೆಲೆ ಕೂಗಿದಳು.

ಎರಡು ನಿಮಿಷವೂ ಆಗಿರಲಿಲ್ಲ. ಎರಡನೇ ಮಹಡಿ ಇನ್ನೊಂದು ಮೆಟ್ಟಿಲು ಏರಿಸಿತು.

ಅವಳ ಎದೆ ಧಸಕ್ಕೆಂದಿತು. ಭಯಕ್ಕಲ್ಲ. ಆ ಕಡೆ ಯಾರೋ ಇದ್ದಾರೆ! ಈಗ, ಈ ನಿಮಿಷ, ಪರದೆಯ ಮುಂದೆ ಕೂತಿದ್ದಾರೆ, ತಾನು ಕೂಗಿದ್ದನ್ನು ಕೇಳಿಸಿಕೊಂಡು ಉತ್ತರ ಕೊಟ್ಟಿದ್ದಾರೆ. ಮತ್ತೆ ಕೂಗಿದಳು. ಮತ್ತೆ ಉತ್ತರ ಬಂತು. ಐದನೆಯ ಸಲಕ್ಕೆ ಕೈ ತಡೆದುಕೊಂಡು ಎದ್ದು ಹೋಗಿ ನೀರು ಕುಡಿದಳು. ಕುರ್ಚಿ ಆರಂಭದ ಬೆಲೆಯ ಹೆಚ್ಚುಕಡಿಮೆ ಎರಡರಷ್ಟಕ್ಕೆ ಹೋಯಿತು. ಸಲೂನಿನ ಯಜಮಾನರು ಫೋನಿನಲ್ಲಿ “ನಾನು ಹೇಳಿರಲಿಲ್ವಾ?” ಎಂದು ಕೂಗಿಕೊಂಡರು.

ಒಂದೇ ಸಲ ಎಂದುಕೊಂಡಳು. ಆದರೆ ಎರಡನೇ ಮಹಡಿಗೆ ಇಷ್ಟವಾಗುವ ಸಾಮಾನು ಯಾವುದೆಂದು ಅವಳಿಗೆ ತಿಳಿಯುತ್ತ ಬಂತು. ಹೊಳೆಯುವಂಥದ್ದು ಅವರಿಗೆ ಬೇಡ, ಜನ ಬಳಸಿ ಬಳಸಿ ಸವೆಸಿದ್ದು ಬೇಕು. ಹಳೇ ಆಸ್ಪತ್ರೆಯ ತೂಕದ ಯಂತ್ರ, ಹೋಟೆಲಿನ ಕೋಟು ನೇತುಹಾಕುವ ಕಂಬ, ಅಂಚೆ ವಿಂಗಡಿಸುವ ಮರದ ಗೂಡು. ಅವಳಿಗೂ ಅಂಥವೇ ಇಷ್ಟ. ಅಂಥದ್ದೊಂದು ಮಾರಾಟಕ್ಕೆ ಬಂದಾಗಲೆಲ್ಲ ಮಧ್ಯಾಹ್ನ ಬೇಗ ಊಟ ಮುಗಿಸಿ, ಮುಖ ತೊಳೆದು, ಕೂದಲು ಸರಿ ಮಾಡಿಕೊಂಡು ಕೂರುತ್ತಿದ್ದಳು. ನನ್ನನ್ನು ಯಾರು ನೋಡುತ್ತಾರೆ ಎಂದು ತನಗೇ ನಗು ಬರುತ್ತಿತ್ತು. ಮೂರು ಗಂಟೆಗೆ ಪರೀಕ್ಷಾರ್ಥಿ ಕೂಗುವುದು, ಎರಡನೇ ಮಹಡಿ ಉತ್ತರ ಕೊಡುವುದು. ಒಂದು ದಿನ ಉತ್ತರ ಬರಲು ಇಪ್ಪತ್ತು ನಿಮಿಷವಾದಾಗ ಹುಷಾರಿಲ್ಲವೇನೋ ಎಂದು ಚಡಪಡಿಸಿದಳು. ಹೀಗೆ ವರ್ಷದಲ್ಲಿ ಆರು ಸಾಮಾನು. ಆರರಲ್ಲೂ ಕೊನೆಗೆ ಅವಳು ಹಿಂದೆ ಸರಿದು ಅವರಿಗೇ ಬಿಟ್ಟುಕೊಟ್ಟಳು.

ಏಳನೆಯದು ಟೈಪಿಂಗ್ ಶಾಲೆಯ ತಿರುಗುವ ಸ್ಟೂಲು. ಅವಳು ಕೂಗಿದಳು, ಅವರು ಕೂಗಿದರು. ಅವಳು ಮತ್ತೆ ಕೂಗಿದಳು. ಉತ್ತರವಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಪರದೆ ನೋಡಿದಳು. ನಾಲ್ಕು ಗಂಟೆಯಾಯಿತು. ‘ಮಾರಾಟ ಮುಗಿಯಿತು. ಗೆದ್ದವರು: ಪರೀಕ್ಷಾರ್ಥಿ’ ಎಂದು ಸೈಟು ತಾನಾಗಿ ಬರೆಯಿತು. ಬೇರೆ ದಾರಿಯಿಲ್ಲದೆ ಟೈಪಿಂಗ್ ಶಾಲೆಯವರಿಗೆ ತಾನೇ ಹಣ ಕಟ್ಟಿ ಸ್ಟೂಲನ್ನು ಕೋಣೆಯ ಮೂಲೆಗೆ ತಳ್ಳಿದಳು. ಅದರ ಮೇಲೆ ಒಂದು ದಿನವೂ ಕೂರಲಿಲ್ಲ.

ವರ್ಷ ತುಂಬಿ ಪರವಾನಗಿ ನವೀಕರಿಸುವ ಹೊತ್ತಾಯಿತು. ವಕೀಲರು ಕಾಗದ ಸಿದ್ಧ ಮಾಡಿ ಅವಳ ಮುಂದೆ ತಳ್ಳಿದರು. “ಇಲ್ಲೊಂದು ಸಹಿ, ಇಲ್ಲೊಂದು. ಇದು ಘೋಷಣೆ. ಹನ್ನೊಂದನೇ ನಿಯಮ ಪಾಲಿಸಿದೀನಿ, ನಾನಾಗಲಿ ನನ್ನ ಕಡೆಯವರಾಗಲಿ ಬೆಲೆ ಕೂಗಿಲ್ಲ ಅಂತ.”

ಬಿರುಕಮ್ಮ ಪೆನ್ನು ತೆಗೆದುಕೊಂಡಳು. ಮುಚ್ಚಳ ತೆಗೆದಳು. ಮತ್ತೆ ಹಾಕಿದಳು.

“ಏನಮ್ಮ, ಇಂಕಿಲ್ವಾ?”

“ಇದಕ್ಕೆ ಸಹಿ ಹಾಕೋಕಾಗಲ್ಲ ಸರ್.”

ಎಲ್ಲವನ್ನೂ ಹೇಳಿದಳು. ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಳಗಿನ ಔಷಧಿ ಅಂಗಡಿಯಲ್ಲಿ ಯಾರೋ ಕೆಮ್ಮಿನ ಸಿರಪ್ಪು ಕೇಳುತ್ತಿದ್ದದ್ದು ಮೇಲಕ್ಕೆ ಕೇಳಿಸುತ್ತಿತ್ತು.

“ಹಣಕ್ಕೋಸ್ಕರ ಮಾಡ್ಲಿಲ್ಲ ಸರ್.”

“ಬೆಲೆ ಏರಿದಾಗ ನಿಮ್ಮ ಕಮಿಷನ್ನೂ ಏರಿತಲ್ಲ?”

ಅದು ಅವಳ ತಲೆಗೇ ಹೊಳೆದಿರಲಿಲ್ಲ. ಮುಖ ಬಿಸಿಯಾಯಿತು.

“ನೋಡಿ ತಾಯಿ,” ಎಂದರು ವಕೀಲರು, ಎಂದಿಗಿಂತ ಮೆತ್ತಗೆ. “ನೀವು ಮಾಡಿದ್ದಕ್ಕೆ ಕಾಯ್ದೆಯಲ್ಲಿ ಇರೋ ಹೆಸರು ಮೋಸ. ಒಂಟಿತನ ಅಂತ ಅದರಲ್ಲಿ ಬೇರೆ ಕಾಲಂ ಇಲ್ಲ. ಈಗ ನೀವು ಮಾಡಬೇಕಾದ್ದು ಹೇಳ್ತೀನಿ. ಯಾರೋ ದೂರು ಕೊಡೋ ಮೊದಲು ನೀವೇ ಪರವಾನಗಿ ಕಚೇರಿಗೆ ಹೋಗಿ ಹೇಳಿ. ಕೊಂಡವರಿಗೆ ಬರೆದು ತಿಳಿಸಿ. ಹೆಚ್ಚಿಗೆ ತಗೊಂಡಿದ್ದನ್ನ ನಿಮ್ಮ ಕೈಯಿಂದ ವಾಪಸ್ ಕೊಡಿ, ಮಾರಿದವರಿಂದ ಕೇಳೋ ಹಾಗಿಲ್ಲ. ಸಾಮಾನು ಬೇಡ ಅಂದ್ರೆ ಸಾಮಾನೂ ವಾಪಸ್ ತಗೊಳ್ಳಿ.”

“ಪರವಾನಗಿ ಹೋಗುತ್ತಾ ಸರ್?”

“ಹೋಗಬಹುದು. ಇದಕ್ಕೆ ಸಹಿ ಹಾಕಿ ಮನೆಗೆ ಹೋದ್ರೆ ಉಳೀಬಹುದು. ಹಾಕ್ತೀರಾ?”

ಅವಳು ತಲೆಯಾಡಿಸಿದಳು, ಇಲ್ಲ ಎಂದು.

ಪರವಾನಗಿ ಕಚೇರಿಯ ಅಧಿಕಾರಿಣಿಗೆ ನೆಗಡಿಯಾಗಿತ್ತು. ಮೂಗೊರೆಸಿಕೊಳ್ಳುತ್ತ ಅರ್ಜಿ ಎರಡು ಸಲ ಓದಿದರು. “ನಿಮ್ಮ ಮೇಲೆ ಯಾರೂ ದೂರು ಕೊಟ್ಟಿಲ್ವಲ್ಲ?” ಎಂದು ಅನುಮಾನದಿಂದ ಕೇಳಿದರು. ಹೀಗೆ ತಾನಾಗಿ ಬಂದು ಹೇಳಿದವರಿಗೆ ಯಾವ ನಮೂನೆ ಕೊಡಬೇಕೆಂದು ತಿಳಿಯದೆ ಪಕ್ಕದ ಮೇಜಿಗೆ ಕೇಳಿದರು. ಪಕ್ಕದ ಮೇಜಿಗೂ ಗೊತ್ತಿರಲಿಲ್ಲ. ಹದಿನೈದು ದಿನದ ಮೇಲೆ ಆದೇಶ ಬಂತು. ಮೂರು ತಿಂಗಳು ಮಾರಾಟ ಬಂದ್, ದಂಡ, ಆಮೇಲೆ ತೆರೆಯುವುದಾದರೆ ವಾರಕ್ಕೊಂದು ದಿನ ಸಾಮಾನನ್ನು ಜನ ಬಂದು ನೋಡುವಂತೆ ಇಡಬೇಕು.

ಕೊಂಡವರಿಗೆ ಅವಳು ಬರೆದ ಕಾಗದಕ್ಕೆ ಒಂದೇ ಸಾಲಿನ ಉತ್ತರ ಬಂದಿತ್ತು. ‘ಬಂದು ಕೊಡಿ.’ ಕೆಳಗೆ, ಅವಳು ಸಾಮಾನು ಕಳಿಸುತ್ತಿದ್ದ ಅದೇ ವಿಳಾಸ.

ವಿಳಾಸ ನಿಜವಾಗಿಯೂ ಎರಡನೇ ಮಹಡಿಯದೇ. ಲಿಫ್ಟ್ ಇತ್ತು, ಆದರೂ ಬಿರುಕಮ್ಮ ಮೆಟ್ಟಿಲು ಹತ್ತಿದಳು, ತಲುಪುವುದು ಸ್ವಲ್ಪ ತಡವಾಗಲಿ ಎಂದು. ಬಾಗಿಲು ತೆರೆದವರು ಅರವತ್ತೈದರ ಆಸುಪಾಸಿನ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿನಲ್ಲಿ ಎಂದೂ ಹೋಗದ ಎಣ್ಣೆಯ ಕಪ್ಪು.

“ಬನ್ನಿ. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡ್ತಿದ್ದೆ,” ಎಂದರು ಅವರು, ಅವಳು ಕೈ ನೋಡಿದ್ದನ್ನು ಗಮನಿಸಿ. “ಎಲ್ಲಾ ಮಹಡಿಗೂ ಹೋಗಿ ಬಂದು ಕೊನೆಗೆ ಎರಡನೇದರಲ್ಲಿ ನಿಂತುಬಿಟ್ಟೆ.”

ಒಳಗೆ ಎಲ್ಲವೂ ಇದ್ದವು. ಕಿಟಕಿಯ ಪಕ್ಕ ಸಲೂನಿನ ಕುರ್ಚಿ, ಪೆಡಲಿನ ತುಕ್ಕು ತಿಕ್ಕಿ ತೆಗೆದು ಎಣ್ಣೆ ಬಿಟ್ಟಿದ್ದರು. ಕೋಟಿನ ಕಂಬದಲ್ಲಿ ಒಂದೇ ಒಂದು ಕೋಟು. ಅಂಚೆ ಗೂಡಿನ ಒಂದೊಂದು ಖಾನೆಯಲ್ಲಿ ಒಂದೊಂದು ಜಾತಿಯ ಸ್ಕ್ರೂ. ಬೇರೆ ಯಾರ ಚಪ್ಪಲಿಯೂ ಕಾಣಲಿಲ್ಲ.

ಅವಳು ನಿಂತುಕೊಂಡೇ ಲಕೋಟೆ ಕೊಟ್ಟಳು. ಅವರು ತೆರೆದು ನೋಡಿ, ರಶೀದಿಗೆ ಸಹಿ ಮಾಡಿದರು.

“ಸಾಮಾನು ಬೇಡ ಅಂದ್ರೆ ವಾಪಸ್ ತಗೊಂಡು ಹೋಗೋ ವ್ಯವಸ್ಥೆ ಮಾಡ್ತೀನಿ,” ಎಂದಳು.

“ಇರ್ಲಿ. ಸಾಮಾನೇನು ತಪ್ಪು ಮಾಡಿವೆ?” ಲಕೋಟೆಯನ್ನು ಗೂಡಿನ ಖಾಲಿ ಖಾನೆಯೊಂದರಲ್ಲಿ ಇಟ್ಟರು. “ಪರೀಕ್ಷಾರ್ಥಿ ಅನ್ನೋರು ಯಾರು ಅಂತ ನಿಮಗೆ ಬರೆದು ಕೇಳಬೇಕು ಅಂತಿದ್ದೆ. ವಿಳಾಸ ಕೊಡಲ್ಲ ಅಂತ ನಿಮ್ಮ ನಿಯಮದಲ್ಲಿದೆ, ಆದ್ರೂ ನನ್ನ ವಿಳಾಸನಾದ್ರೂ ಅವರಿಗೆ ಕೊಡಿ ಅಂತ ಕೇಳೋಣ ಅಂದ್ಕೊಂಡಿದ್ದೆ. ಈ ವಯಸ್ಸಲ್ಲಿ ಏನೋ ಪರೀಕ್ಷೆಗೆ ಓದ್ತಿದಾರೆ, ಮಧ್ಯಾಹ್ನ ಮೂರಕ್ಕೆ ಪುಸ್ತಕ ಮುಚ್ಚಿ ಬರ್ತಾರೆ, ಹಾಗೆ ಏನೇನೋ ಕಟ್ಕೊಂಡಿದ್ದೆ.”

“ಈ ವಯಸ್ಸಲ್ಲಿ ಅಂತ ಹೇಗೆ ಗೊತ್ತಾಯ್ತು?”

“ಹುಡುಗರಿಗೆ ತೂಕದ ಯಂತ್ರ ಯಾಕೆ ಬೇಕು?”

ನಗಬೇಕಾದ ಮಾತಿಗೆ ಬಿರುಕಮ್ಮನಿಗೆ ನಗು ಬರಲಿಲ್ಲ.

“ಪ್ರತಿ ಸಲ ನಾನೇ ಗೆಲ್ತಿದ್ದೆ,” ಎಂದರು ಅವರು. “ಪಾಪ, ಅವರಿಗೂ ಆಸೆ ಇದೆ, ನನ್ನಷ್ಟು ಕೈಯಲ್ಲಿ ದುಡ್ಡಿಲ್ಲವೇನೋ ಅನ್ನಿಸ್ತಿತ್ತು. ಅದಕ್ಕೇ ಆ ಸ್ಟೂಲು ಬಿಟ್ಟುಕೊಟ್ಟೆ. ನನಗೂ ಬೇಕಿತ್ತು ಅದು. ಅವತ್ತು ಸಂಜೆ ಎಷ್ಟು ಖುಷಿಯಾಗಿತ್ತು ಗೊತ್ತಾ? ಯಾರಿಗೋ ಏನೋ ಕೊಟ್ಟು ಎಷ್ಟೋ ವರ್ಷ ಆಗಿತ್ತು.”

“ಸ್ಟೂಲು ನನ್ನ ಹತ್ರಾನೇ ಇದೆ. ನಾಳೆನೇ ತಂದುಕೊಡ್ತೀನಿ.”

“ಬೇಡ. ಅದನ್ನ ಕೊಟ್ಟಾಗಿದೆ.”

ಅವಳಿಗೆ ಹೇಳಬೇಕಾದ್ದು ಬೇಕಾದಷ್ಟಿತ್ತು. ಮುಖ ತೊಳೆದು ಕೂರುತ್ತಿದ್ದದ್ದು, ಇಪ್ಪತ್ತು ನಿಮಿಷ ತಡವಾದಾಗ ಚಡಪಡಿಸಿದ್ದು. ಹೊರಗೆ ಬಂದದ್ದು ಇಷ್ಟೇ: “ಹಣಕ್ಕೋಸ್ಕರ ಅಲ್ಲ. ಆ ಕಡೆ ನಾನೇ ಇದ್ದೆ. ನಿಜವಾಗ್ಲೂ ಇದ್ದೆ.”

“ನೀವಿದ್ರಿ,” ಎಂದರು ಅವರು. “ಪರೀಕ್ಷಾರ್ಥಿ ಇರ್ಲಿಲ್ಲ.” ಆಮೇಲೆ, ಕೋಪವಿಲ್ಲದೆ, ದಣಿದವರ ಹಾಗೆ: “ಹಣಕ್ಕೆ ಮಾಡಿದ್ರೆ ಎರಡು ಬೈದು ಸುಮ್ಮನಾಗ್ತಿದ್ದೆ. ಈಗ ಬೈಯೋದಕ್ಕೂ ಆಗ್ತಿಲ್ಲ ನೋಡಿ. ನಿಮಗೆ ಗೊತ್ತಿತ್ತು, ಇಲ್ಲೊಬ್ಬ ಕೂತಿದಾನೆ ಅಂತ. ನನಗೆ ಅಷ್ಟೂ ಬಿಡ್ಲಿಲ್ಲ ನೀವು.”

ಬಾಗಿಲವರೆಗೂ ಬಂದು ಬಿಟ್ಟರು. ಲಿಫ್ಟಿನ ಗುಂಡಿಯನ್ನು ಅವರೇ ಒತ್ತಿದರು. ಅದು ಬರುವ ತನಕ ಮರ್ಯಾದೆಯಿಂದ ನಿಂತಿದ್ದು, ಅವಳು ಒಳಗೆ ಹೋದ ಮೇಲೆ ತಿರುಗಿದರು. ಮನೆಗೆ ಬಂದು ಕಂಪ್ಯೂಟರ್ ತೆರೆದಾಗ ಎರಡನೇ ಮಹಡಿ ತನ್ನ ಖಾತೆ ಮುಚ್ಚಿತ್ತು. ಪರೀಕ್ಷಾರ್ಥಿಯ ಖಾತೆಯನ್ನು ಬಿರುಕಮ್ಮ ಅಳಿಸಿದಳು. ‘ಖಚಿತವೇ?’ ಎಂದು ಯಂತ್ರ ಕೇಳಿತು, ಹೌದು ಎಂದಳು.

ಆ ಮೂರು ತಿಂಗಳು ಉದ್ದವಾಗಿದ್ದವು. ತಂಗಿಗೆ ಮೊದಲು ಹೇಳಿರಲಿಲ್ಲ, ಆಮೇಲೆ ಒಂದು ಭಾನುವಾರ ಹೇಳಿದಳು. ಬೈಗುಳ ಬರುತ್ತದೆಂದು ಕಾದರೆ ತಂಗಿ ಬೈಯಲಿಲ್ಲ. “ಅಕ್ಕ, ಮಧ್ಯಾಹ್ನ ಮೂರಕ್ಕೆ ನಾನೂ ಸುಮ್ಮನೆ ಕೂತಿರ್ತೀನಲ್ಲೇ, ನನಗೊಂದು ಫೋನ್ ಮಾಡೋಕೆ ಏನಾಗಿತ್ತು ನಿನಗೆ?” ಎಂದಳು. ಬಿರುಕಮ್ಮನಿಗೆ ಅದು ಒಂದು ದಿನವೂ ಹೊಳೆದಿರಲಿಲ್ಲ. ತಂಗಿ ಎಂದರೆ ಭಾನುವಾರ ತಾನಾಗಿ ಬರುವ ಫೋನು ಎಂದೇ ಅವಳ ಲೆಕ್ಕ. ಆಮೇಲೆ ಎರಡು ಸಲ ಮೂರು ಗಂಟೆಗೆ ತಾನೇ ಫೋನ್ ಮಾಡಿದಳು, ಮೂರನೆಯ ಸಲ ತಂಗಿ ಎಲ್ಲೋ ಹೊರಗಿದ್ದಳು, ಅಲ್ಲಿಗೆ ಅದು ನಿಂತಿತು.

ಸೈಟು ಮತ್ತೆ ತೆರೆಯಿತು. ಮೊದಲ ಪುಟದಲ್ಲೇ, ಈ ಮಾರಾಟ ಮೂರು ತಿಂಗಳು ಯಾಕೆ ನಿಂತಿತ್ತು ಎಂದು ನಾಲ್ಕು ಸಾಲು ಬರೆದಳು. ಇಷ್ಟೆಲ್ಲ ಬರೆಯಬೇಕು ಎಂದು ಕಾಯ್ದೆ ಹೇಳುವುದಿಲ್ಲ ಎಂದರು ವಕೀಲರು. “ಹೇಳದಿದ್ರೂ ಇರ್ಲಿ ಸರ್,” ಎಂದು ಬರೆದದ್ದನ್ನು ಹಾಗೇ ಉಳಿಸಿದಳು. ಕೆಲವರು ಓದಿ ದೂರವಾದರು, ಕೆಲವರು ಓದಲೇ ಇಲ್ಲ. ಒಂದು ಕಬ್ಬಿಣದ ಟ್ರಂಕಿಗೆ ಒಬ್ಬರೇ ಕೇಳಿದರು, ಆರಂಭದ ಬೆಲೆಗೆ. ನಾಲ್ಕು ಗಂಟೆಯವರೆಗೆ ಕೈ ಕಟ್ಟಿಕೊಂಡು ಕೂತು ಅದು ಹೋಗುವುದನ್ನು ನೋಡಿದಳು. ಟ್ರಂಕಿನವರು ಗೊಣಗಿದರು. ಗೊಣಗಿಸಿಕೊಂಡಳು.

ಆದೇಶದಂತೆ ಶನಿವಾರ ಸಾಮಾನು ನೋಡುವ ದಿನವಾಯಿತು. ಮುಂದಿನ ಕೋಣೆಯಲ್ಲಿದ್ದ ತನ್ನ ಮಂಚ, ಬಟ್ಟೆಯ ಬೀರು ಎಲ್ಲ ಒಳಗೆ ಎಳೆದು ಜಾಗ ಮಾಡಿದಳು. ಎರಡು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಮೊದಲ ಶನಿವಾರ ನಾಲ್ಕೂವರೆಯ ತನಕ ಯಾರ ಸುಳಿವೂ ಇಲ್ಲ. ಇನ್ನು ಬಾಗಿಲು ಹಾಕೋಣ ಎನ್ನುವಷ್ಟರಲ್ಲಿ ನಡುವಯಸ್ಸಿನ ಗಂಡ ಹೆಂಡತಿ ಬಂದರು, ಮಾರಾಟಕ್ಕಿದ್ದ ಜೋಡಿ ಮಂಚ ನೋಡಲು. ಬಿರುಕಮ್ಮ ಕಾಫಿ ಮಾಡಿ ತಂದಳು.

“ಸದ್ದು ಮಾಡುತ್ತಾ ಇದು?” ಎಂದು ಗಂಡ ಕೇಳಿದ.

“ಒಂದು ಕಡೆ ಮಾಡುತ್ತೆ, ಪಟ್ಟಿಯಲ್ಲಿ ಬರೆದಿದೀನಿ.”

ಹೆಂಡತಿ ಚಪ್ಪಲಿ ಬಿಟ್ಟು ಹಾಸಿಗೆಯಿಲ್ಲದ ಹಲಗೆಯ ಮೇಲೆ ಸೀದಾ ಮಲಗಿದಳು. “ಸದ್ದಿಲ್ವಲ್ಲ. ನೀವೂ ಮಲಗಿ, ಆಗ ಗೊತ್ತಾಗುತ್ತೆ.”

“ಇಲ್ಲೇ? ಇವರ ಮುಂದೆ?”

“ಇಬ್ಬರಿಗೆ ತಾನೆ ಮಂಚ? ಮಲಗ್ರೀ.”

ಅವನು ನಾಚಿಕೊಳ್ಳುತ್ತ ಮಲಗಿದ. ಮಂಚ ಕಿರ್ರೆಂದಿತು. ಇಬ್ಬರೂ ಸೂರು ನೋಡುತ್ತ ಅದು ಎಡಗಡೆಯದೋ ಬಲಗಡೆಯದೋ ಎಂದು ವಾದಕ್ಕಿಳಿದರು. ಬಿರುಕಮ್ಮ ಎಲ್ಲಿ ನೋಡುವುದೆಂದು ತಿಳಿಯದೆ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅರ್ಧ ಗಂಟೆ ಕಳೆದು, ಬೆಲೆ ಕೂಗುತ್ತೇವೆ ಎಂದಾಗಲಿ ಇಲ್ಲವೆಂದಾಗಲಿ ಹೇಳದೆ, ಕಾಫಿ ಚೆನ್ನಾಗಿತ್ತು ಎಂದು ಹೇಳಿ ಅವರು ಹೋದರು. ಮೆಟ್ಟಿಲಿಳಿಯುವಾಗಲೂ ಜಗಳ ನಡೆದೇ ಇತ್ತು. ಅದು ಬೀದಿಯ ತಿರುವಿನ ತನಕ ಕೇಳಿಸಿತು.

ಅವಳು ಬಾಗಿಲು ಹಾಕಿ ಬಂದಳು. ಮೂರು ಲೋಟ ತೊಳೆಯುವುದಿತ್ತು. ಅವಸರವಿಲ್ಲದೆ ತೊಳೆದಳು.